ಹತ್ತನೆಯ ತಟ್ಟೆ

"ಹತ್ತಾಯ್ತಲ್ಲೇ! ಶುಭಕಾರ್ಯಕ್ಕೆ ಯಾರಾದ್ರೂ ಸರಿಸಂಖ್ಯೆ ತಟ್ಟೆ ಇಡ್ತಾರೇನೇ? ತೆಗಿ ಆಚೆಗೆ!" ಎಂದು ಲಕ್ಕಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಸೊಸೆ ಅನಸೂಯ ಅಲುಗಲಿಲ್ಲ. ರವಿಕೆ ಕಣ ಮುಚ್ಚಿದ್ದ ತಟ್ಟೆಯನ್ನು ಬಾಳೆಹಣ್ಣಿನ ತಟ್ಟೆಯ ಪಕ್ಕಕ್ಕೆ ಒತ್ತಿಟ್ಟು ಕುಳಿತೇಬಿಟ್ಟಳು.

ಆವತಿಯ ಆ ಮನೆಯಲ್ಲಿ ಅಂದು ನಾದಿನಿ ಹರ್ಷಿತಳ ವೀಳ್ಯಶಾಸ್ತ್ರ. ದೊಡ್ಡಬಳ್ಳಾಪುರದಿಂದ ಪಿಳ್ಳಣ್ಣನವರು ಮಗನನ್ನೂ ನೆಂಟರನ್ನೂ ಕರೆತಂದು ನಡುಮನೆಯಲ್ಲಿ ಕುಳಿತಿದ್ದರು.

ಅನಸೂಯಳಿಗೆ ಬೈಪೋಲಾರ್ ಕಾಯಿಲೆ ಎಂದು ಡಾಕ್ಟರು ಹೇಳಿ ಎಂಟು ವರ್ಷವಾಗಿತ್ತು. ಮನಸ್ಸು ಒಮ್ಮೆ ನಿದ್ದೆ ಬಿಟ್ಟು ಮುಗಿಲಿಗೇರುವುದು, ಮತ್ತೊಮ್ಮೆ ಹಾಸಿಗೆಯಿಂದ ಏಳಲಾಗದಂತೆ ಕುಸಿಯುವುದು. ಮಾತ್ರೆ ತಪ್ಪಿಸದಿದ್ದರೆ ಎಲ್ಲರಂತೆ ಬಾಳಬಹುದು ಎಂದಿದ್ದರು. ಲಕ್ಕಮ್ಮ ಊರಿಗೆ "ಥೈರಾಯ್ಡು" ಎಂದಳು, ಅಡುಗೆಮನೆಯೊಳಗೆ "ಹುಚ್ಚಿ" ಎಂದಳು. "ಬಾಯಿ ಬಿಟ್ಟೆಯೋ, ನನ್ನ ಮಗಳನ್ನ ಯಾರೂ ಮಾಡ್ಕೊಳಲ್ಲ!" ಹೆತ್ತ ತಾಯಿಗೂ ಹೇಳದೆ ಅನಸೂಯ ಮಾತ್ರೆಯನ್ನು ರಾಗಿ ಡಬ್ಬದ ಹಿಂದೆ ಬಚ್ಚಿಟ್ಟು ಕಳ್ಳಿಯಂತೆ ನುಂಗಿದಳು.

ಎರಡು ವರ್ಷದ ಹಿಂದೆ ಮಾತ್ರೆಗಳು ತಿಂಗಳು ತುಂಬುವ ಮೊದಲೇ ಮುಗಿಯತೊಡಗಿದವು. ತನ್ನದೇ ಮರೆವೆಂದುಕೊಂಡಳು. ಕಾಯಿಲೆ ಕೆರಳಿತು. ಉರಿಬಿಸಿಲಲ್ಲಿ ಬರಿಗಾಲಲ್ಲಿ ಹೆದ್ದಾರಿ ಹಿಡಿದವಳನ್ನು ಜನ ಹಿಡಿದು ತಂದರು. "ನೋಡ್ರಪ್ಪಾ ಇವಳ ಹುಚ್ಚಾಟ!" ಎಂದ ಲಕ್ಕಮ್ಮ ಅವಳ ಪುಟ್ಟ ಮಗಳನ್ನು ಕಿತ್ತುಕೊಂಡು ಅವಳನ್ನು ತವರಿಗೆ ಅಟ್ಟಿದಳು. ವರ್ಷದ ಮೇಲೆ ಮರಳಿದಾಗ ಹೆತ್ತ ಮಗಳು ಅಜ್ಜಿಯ ಸೆರಗಿನ ಹಿಂದೆ ಅಡಗಿದಳು... ಆ ಗಳಿಗೆಯನ್ನು ಅನಸೂಯ ಮರೆಯಲಿಲ್ಲ.

ಕಳೆದ ವಾರ ಬಿಸಿಲಿಗೆ ಹಾಕಲೆಂದು ಹರ್ಷಿತಳ ಹಾಸಿಗೆ ಎತ್ತಿದಾಗ ಅಡಿಯಲ್ಲಿ ಹನ್ನೊಂದು ಖಾಲಿ ಮಾತ್ರೆ ಪಟ್ಟಿಗಳು ಸಿಕ್ಕವು. ಹಿಂಬದಿಯಲ್ಲಿ ಸೋ, ಮಂ, ಬು... ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟಂತೆ ವಾರ ಬರೆದಿದ್ದ ಅವಳದೇ ಸೊಟ್ಟ ಅಕ್ಷರ! ರಾಗಿ ಡಬ್ಬದ ಹಿಂದಿನ ಜಾಗ ಗೊತ್ತಿದ್ದವಳು ಅತ್ತೆಯೊಬ್ಬಳೇ. ಅನಸೂಯ ಅಳಲಿಲ್ಲ. ವೀಳ್ಯದ ದಿನಕ್ಕಾಗಿ ಕಾದಳು.

"ಇದೇನಮ್ಮಾ, ಒಡವೆನಾ?" ಎಂದರು ಪಿಳ್ಳಣ್ಣ.

"ಹೂಂ ಯಜಮಾನ್ರೇ. ನಮ್ಮತ್ತೆ ನನ್ನಿಂದ ಕದ್ದ ಒಡವೆ!" ಅನಸೂಯ ಬಟ್ಟೆ ಎಳೆದಳು. ಖಾಲಿ ಪಟ್ಟಿಗಳು ಮಿರಮಿರ ಮಿನುಗಿದವು. "ನಂಗಿರೋದು ಥೈರಾಯ್ಡಲ್ಲ, ಬೈಪೋಲಾರ್. ಮನಸಿನ ಕಾಯಿಲೆ. ಇವು ನನ್ನ ಮಾತ್ರೆ. ಇವಿಲ್ದೆ ನಾನು ಬೀದಿಗೆ ಬಿದ್ದೆ."

ಗಂಡ ಬೈರೇಶ್ ಕೈಮುಗಿದ. "ಬೇಡ ಕಣೇ, ಎಲ್ಲರ ಮುಂದೆ..."

"ಸುಮ್ಕಿರ್ರೀ. ಹುಚ್ಚಿ ಅಂದಾಗ ಸುಮ್ಕಿದ್ರಲ್ಲ, ಈಗ್ಲೂ ಹಂಗೇ ಇರಿ! ಹೇಳಿ ಅತ್ತೆ, ಕದ್ದು ಯಾರಿಗೆ ಕೊಟ್ರಿ?"

ಕಾಫಿ ತಂದ ಹರ್ಷಿತಳ ಕೈಯಲ್ಲಿ ಲೋಟಗಳು ಗಡಗಡ ನಡುಗಿದವು. ಅದು ಮಾತ್ರೆ ತರುವ ನಡುಕವೆಂದು ಅನಸೂಯಳಿಗೆ ಗೊತ್ತು. ರಕ್ತ ಪರೀಕ್ಷೆಯಿಲ್ಲದೆ ನುಂಗಿದರೆ ಆ ಮಾತ್ರೆ ವಿಷವಾದೀತು. ಇನ್ನೊಂದೇ ಮಾತು, ಲಕ್ಕಮ್ಮನ ಮಗಳ ಮದುವೆ ಮುರಿಯುತ್ತಿತ್ತು. ಆ ಮಾತು ನಾಲಗೆಯ ತುದಿಯಲ್ಲಿ ಸಿಹಿಯಾಗಿತ್ತು... ಆದರೆ ಹುಡುಗಿಯ ಕಣ್ಣು ನೋಡಿ ನುಂಗಿಕೊಂಡಳು.

"ನಂದು ನಾನು ಹೇಳ್ದೆ. ಉಳಿದದ್ದು ಯಾರ್ದೋ ಅವ್ರೇ ಹೇಳ್ಲಿ."

ಹರ್ಷಿತ ಕಾಫಿ ತಟ್ಟೆ ಕೆಳಗಿಟ್ಟಳು. "ಅತ್ತಿಗೆ ಥರಾನೇ ನಾನೂ ನಿದ್ದೆಗೆಟ್ಟು ಆಡ್ತಿದ್ದೆ. ಡಾಕ್ಟ್ರ ಹತ್ರ ಹೋದ್ರೆ ಊರಿಗೆ ಗೊತ್ತಾಗುತ್ತೆ ಅಂತ ಅಮ್ಮ ಅತ್ತಿಗೆ ಮಾತ್ರೆನೇ ಕದ್ದು ಕೊಟ್ಳು. ಆಮೇಲೆ ಅತ್ತಿಗೆ ಹಳೇ ಚೀಟಿ ತೋರ್ಸಿ ತರ್ತಿದ್ಳು, ಇನ್ನೂ ನುಂಗ್ತಿದೀನಿ!" ಎಂದು ಬಿಕ್ಕಿದಳು.

ಪಿಳ್ಳಣ್ಣ ಎದ್ದರು. "ಮೊದ್ಲು ಮಗೀನ ಡಾಕ್ಟ್ರಿಗೆ ತೋರ್ಸ್ರಪ್ಪಾ. ತಾಂಬೂಲದ ಮಾತು ಆಮೇಲೆ." ಅವರು ಹೊರಟ ಬೆನ್ನಿಗೇ ಬೈರೇಶ್ ತಂಗಿಯನ್ನು ತಾನು ಓಡಿಸುವ ಕ್ಯಾಬಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ.

ಲಕ್ಕಮ್ಮ ಸೊಸೆಯ ಕಾಲು ಹಿಡಿದಳು. "ಹೆತ್ತ ಕರುಳು ಕಣೇ... ಕ್ಷಮಿಸ್ಬಿಡೇ ತಾಯಿ!"

"ನಾನೂ ಹೆತ್ತೋಳೇ ಅಲ್ವಾ ಅತ್ತೆ? ಕ್ಷಮಿಸಲ್ಲ. ನಾಳೆಯಿಂದ ನೀವೇ ನಂಗೆ ಮಾತ್ರೆ ಕೊಡ್ಬೇಕು. ಬೀದಿ ಬಾಗಿಲು ತೆಗೆದಿಟ್ಟು, ಕೂಗಿ ಕರೆದು."

ಹರ್ಷಿತ ಚೇತರಿಸಿಕೊಂಡಳು. ಅವಳ ಮಾತ್ರೆಗೆ ಈಗ ಅವಳದೇ ಚೀಟಿಯಿದೆ. ಪಿಳ್ಳಣ್ಣನ ಮನೆಯಿಂದ ಇನ್ನೂ ಸುದ್ದಿಯಿಲ್ಲ. ಆದರೆ ದಿನಾ ಬೆಳಿಗ್ಗೆ ಎಂಟಕ್ಕೆ, ಎದುರುಮನೆಯವರು ರಂಗೋಲಿ ಬಿಟ್ಟು ತಲೆಯೆತ್ತುವ ಹಾಗೆ, ಲಕ್ಕಮ್ಮ ಹೊಸಿಲಲ್ಲಿ ನೀರಿನ ಚೊಂಬು ಹಿಡಿದು ನಿಲ್ಲುತ್ತಾಳೆ.

"ಅನಸೂಯಾ... ಬೈಪೋಲಾರ್ ಮಾತ್ರೆ ತಗೋ ಬಾರಮ್ಮಾ!"

ಮಗಳಿಗೆ ಜಡೆ ಹಾಕುತ್ತ ಅನಸೂಯ ಅಲ್ಲೇ ಅಂಗಳದಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ಕುಳಿತಿರುತ್ತಾಳೆ.

"ಕೇಳಿಸ್ಲಿಲ್ಲ ಅತ್ತೆ. ಇನ್ನೊಂದ್ಸಲ ಕರೀರಿ."