ಆಟೋದಲ್ಲಿ ಕೇಳಿದ ದನಿ

ಶಹಾಪುರದಿಂದ ಗೋಗಿಗೆ ಹೊರಟ ಆಟೋದಲ್ಲಿ ನಂದಿನಿ ತನ್ನದೇ ದನಿ ಕೇಳಿ ಬೆಚ್ಚಿದಳು. ಪಕ್ಕದ ಹುಡುಗ ಒಂದು ಕೈಯಿಂದ ಸೊಂಟ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದಿದ್ದ.

"ಕಾಡುಬಸಳೆ ಎಲೆಯ ರಸ ಕುಡಿಯಿರಿ. ನೋವು ನಿಂತರೆ ಕಿಡ್ನಿಯ ಕಲ್ಲು ಕರಗಿದೆ ಎಂದೇ ತಿಳಿಯಿರಿ," ಎನ್ನುತ್ತಿತ್ತು ಮೊಬೈಲು.

"ಈ ಡಾಕ್ಟರಮ್ಮ ಎಷ್ಟ ಚಂದ ಹೇಳ್ತಾಳ ನೋಡ್ರಿ," ಎಂದ ಹುಡುಗ.

ನಂದಿನಿ ದುಪಟ್ಟಾದಲ್ಲಿ ನಗು ಮುಚ್ಚಿಕೊಂಡಳು. "ಡಾಕ್ಟರಮ್ಮ ಅಲ್ರಿ. ಅದು ನಾನ."

ಅವನು ಮೊಬೈಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಮತ್ತೆ ಮೊಬೈಲ್ ನೋಡುವ ಗೋಜಿಗೇ ಹೋಗಲಿಲ್ಲ.

ಅವಳು ಶಹಾಪುರದ ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಶ್ರೀಮಂತ ಎಂಬ ಹೆಸರಿನ ಮಾಲೀಕ ಅಲ್ಲಿ ಇಲ್ಲಿ ಹೆಕ್ಕಿ ತಂದದ್ದನ್ನು ಓದಿ ವಿಡಿಯೊಗೆ ದನಿ ಕೊಡುವುದೂ ಅವಳ ಪಾಲಿಗೇ ಬಂದಿತ್ತು. "ನಮ್ಮ ಕಡಿ ಮಾತು ಬ್ಯಾಡವ್ವ, ಯಾರೂ ನಂಬಂಗಿಲ್ಲ. ಟೀವಿಯಾಗಿನಂಗ ಓದು," ಎಂದು ಅವನು ಮೊದಲೇ ತಾಕೀತು ಮಾಡಿದ್ದ.

"ಖರೇನ ಕರಗ್ತದೇನ್ರಿ?" ಹುಡುಗ ಕೇಳಿದ.

ಅವಳಿಗೇನು ಗೊತ್ತು? ಆದರೆ ಆ ಕಣ್ಣು ತನ್ನ ಮುಖದಿಂದ ಕದಲಬಾರದು ಎಂಬ ಆಸೆ. ಹೊಗಳಿಸಿಕೊಂಡ ನಾಲಿಗೆಗೆ ಲಗಾಮು ಎಲ್ಲಿ?

"ಖರೇನ್ರಿ. ನಾ ಸುಳ್ಳ ಹೇಳ್ತೀನೇನು?"

ಹುಡುಗನ ಹೆಸರು ಮಲ್ಲಿನಾಥ. ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಗೋಗಿಯಲ್ಲಿ ಅಕ್ಕನ ಮನೆ. ಅಂದಿನಿಂದ ಅವನಿಗೆ ರವಿವಾರ ಬಂದರೆ ಸಾಕು, ಅಕ್ಕನ ಮೇಲೆ ಎಲ್ಲಿಲ್ಲದ ಪ್ರೀತಿ. ನಂದಿನಿ ಹಿತ್ತಲ ಕಾಡುಬಸಳೆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು. ಕೊಡುವಾಗ ಬೆರಳಿಗೆ ಬೆರಳು ತಾಕುತ್ತಿತ್ತು. ಕೈ ಹಿಂತೆಗೆಯುವ ಅವಸರ ಇಬ್ಬರಿಗೂ ಇರಲಿಲ್ಲ.

"ಭಾಳ ಹುಳಿ ಅದ."

"ನನ್ನ ನೆನಸಿ ಕುಡೀರಿ, ಸಿಹಿ ಆಗ್ತದ."

ಒಂದು ರವಿವಾರ ಅವನು ಆಟೋ ನಿಲ್ಲುವ ಮೊದಲೇ ಜಿಗಿದು ಓಡಿ ಬಂದ. "ನೋವ ನಿಂತದ, ನಂದಿನಿ! ಒಮ್ಮೆ ಸ್ಕ್ಯಾನ್ ಮಾಡಸ್ಲೇನು?"

"ನೋವ ಇಲ್ಲಂದಮ್ಯಾಲ ಕಲ್ಲ ಎಲ್ಲಿಂದ ಬರ್ತದ್ರಿ? ನಮ್ಮ ಮದುವಿಗೆ ಚಂದ ಫೋಟೊ ತಗಸ್ರಿ ಸಾಕು," ಎಂದು ನಕ್ಕಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ತಾಯಿ ಹಣಮಮ್ಮ ಬಂದು ಅವಳ ಮುಡಿಗೆ ಹೂವಿಟ್ಟು ಹೋದಳು.

ಕೆಲವು ತಿಂಗಳ ಮೇಲೆ ಮಲ್ಲಿನಾಥನಿಗೆ ಜ್ವರ ಬಂತು, ನಡುಕ ಬಂತು. ಯಾದಗಿರಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ತಲೆ ಅಲ್ಲಾಡಿಸಿದರು. ಕಲ್ಲು ಕರಗಿರಲೇ ಇಲ್ಲ. ಮೂತ್ರದ ದಾರಿಗೆ ಅಡ್ಡ ಕೂತು, ಸದ್ದಿಲ್ಲದೆ ಒಂದು ಕಿಡ್ನಿಯನ್ನೇ ಕೊಂದಿತ್ತು. ಅದನ್ನು ತೆಗೆದುಹಾಕಬೇಕಾಯಿತು.

ನಂದಿನಿ ಹೋದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳ ಎದೆ ಒಡೆಯಿತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಎಲಿ ಕೊಟ್ಟಾಕಿ ನೀನ ಅಂತ ಅವ್ವಗ ಹೇಳಿಲ್ಲ," ಎಂದ. "ಸಿಟ್ಟೂ ಇಲ್ಲ. ಆದ್ರ ನಾಳೆ ನೀ ಏನಾರ ಹೇಳಿದ್ರ ನಾ ನಂಬಬೇಕಲ್ಲ? ಆಗವಲ್ದು, ನಂದಿನಿ."

ಅವಳು ಕಣ್ಣೊರೆಸಿಕೊಂಡಳು.

"ನಾ ಚಲೋ ಆಗ್ತೀನೇನು?" ಅವನು ಗೋಡೆ ನೋಡುತ್ತಲೇ ಕೇಳಿದ.

ಆಗ್ತೀರಿ ಎಂಬ ಮಾತು ತುಟಿಗೆ ಬಂದೇಬಿಟ್ಟಿತ್ತು. ನುಂಗಿದಳು. "ನಂಗ ಗೊತ್ತಿಲ್ರಿ."

ಮಲ್ಲಿನಾಥ ಈಗ ತಿರುಗಿ ನೋಡಿದ. ಆಟೋದಲ್ಲಿ ನೋಡಿದ್ದ ಅದೇ ಕಣ್ಣು, ನೀರು ತುಂಬಿತ್ತು.

"ಅವತ್ತೂ ಗೊತ್ತಿಲ್ಲ ಅಂದಿದ್ರ ಸಾಕಿತ್ತು. ಆವಾಗೂ ನಾ ನಿನ್ನ ಬಾಜೂನ ಕೂಡ್ತಿದ್ದೆ."

ಅವನು ಕೈ ಚಾಚಲಿಲ್ಲ. ಅವಳು ಎದ್ದು ಬಂದಳು. ಸ್ಟುಡಿಯೋದ ಕೆಲಸ ಬಿಟ್ಟಳು. ವಿಡಿಯೊ ತೆಗೆಯಿರೆಂದು ಅತ್ತು ಕೇಳಿದರೂ ಶ್ರೀಮಂತ ತೆಗೆಯಲಿಲ್ಲ.

ಕೆಲಸ ಬಿಟ್ಟ ದಿನ ಸಂಜೆ ಗೋಗಿಯ ಆಟೋದಲ್ಲಿ ಎದುರು ಕೂತ ಹೆಂಗಸಿನ ಮೊಬೈಲಿನಿಂದ ಅದೇ ದನಿ ಬಂತು. "ಕಾಡುಬಸಳೆ ಎಲೆಯ ರಸ ಕುಡಿಯಿರಿ..."

ನಂದಿನಿ ಮುಂದಕ್ಕೆ ಬಾಗಿದಳು. "ಅಕ್ಕಾ, ಅದನ್ನ ನಂಬಬ್ಯಾಡ್ರಿ. ದವಾಖಾನಿಗೆ ಹೋಗ್ರಿ. ಅದು ನನ್ನ ದನಿ, ನಂಗೇನೂ ಗೊತ್ತಿಲ್ಲ."

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, ಮೊಬೈಲಿನ ಸದ್ದು ಹೆಚ್ಚಿಸಿದಳು.

"ಸುಮ್ಮ ಕೂಡವ್ವ. ಡಾಕ್ಟರಮ್ಮ ಎಷ್ಟ ಚಂದ ಹೇಳಾಕತ್ಯಾಳ."