ಬೆಣ್ಣೆ ಬಣ್ಣದ ಒಲೆ

ಪೆಟಲೂಮಾ ಊರಿನಲ್ಲಿ ಒಬ್ಬ ಮುದುಕಿ ತೀರಿಕೊಂಡ ಮೇಲೆ ಅವಳ ಮನೆಯ ಸಾಮಾನುಗಳನ್ನು ಮಾರುತ್ತಿದ್ದರು. ಕೋರಾ ತಲುಪುವಷ್ಟರಲ್ಲಿ ಗ್ಯಾಸ್ ಒಲೆ ಮಾರಿಹೋಗಿತ್ತು. ಐವತ್ತೊಂದನೇ ಇಸವಿಯದು, ಆರು ಬರ್ನರ್, ಬೆಣ್ಣೆಯ ಬಣ್ಣ. ಕೊಂಡವನು ಓವನ್ ಬಾಗಿಲು ತೆಗೆಯಲಾಗದೆ ಒದ್ದಾಡುತ್ತಿದ್ದ.

“ಎಳೀಬೇಡ್ರೀ, ಸ್ವಲ್ಪ ಎತ್ತಿ,” ಎಂದಳು ಕೋರಾ. “ನಂಗೇ ಮಾರ್ಬಿಡಿ. ನಿಮ್ಮ ಕೈಲಿ ಇದು ಉಳಿಯಲ್ಲ.”

“ಮಾರಲ್ಲ. ನಮ್ಮಮ್ಮನ ಹತ್ರ ಇಂಥದ್ದೇ ಇತ್ತು.” ಆಮೇಲೆ ಅವನೇ ನಕ್ಕ. “ನೀವೇ ರಿಪೇರಿ ಮಾಡ್ಕೊಡಿ.”

ಹಳೆಯ ಒಲೆಗಳಿಗೆ ಜೀವ ಕೊಡುವುದೇ ಕೋರಾಳ ಕಸುಬು. ಗಂಡ ಬಿಟ್ಟುಹೋದ ಮೇಲೆ ಎಂಟು ವರ್ಷ ಅವಳ ಶೆಡ್ಡಿನಲ್ಲಿ ಒಲೆಗಳದ್ದೇ ಸಂಗಾತ. ಈಗ ಬೆಣ್ಣೆ ಬಣ್ಣದ ಒಲೆಯೂ ಅಲ್ಲಿಗೆ ಬಂತು; ಅದನ್ನು ಕೊಂಡ ವೆಂಡೆಲ್ ಪ್ರತಿ ಶನಿವಾರ ಬೆಳಿಗ್ಗೆ ಬರತೊಡಗಿದ. ಪಿಯಾನೊಗಳಿಗೆ ಶ್ರುತಿ ಕೂಡಿಸುವವನು ಅವನು.

ಉರಿಯುವ ಬರ್ನರಿಗೆ ಕಿವಿಗೊಟ್ಟು, “ಇದು ಯಾಕೋ ಅಪಶ್ರುತಿ,” ಎನ್ನುತ್ತಿದ್ದ. ಅವಳು ಗಾಳಿಯ ಕಿಂಡಿ ತುಸು ತಿರುಗಿಸಿದರೆ ಹಳದಿ ಜ್ವಾಲೆ ತಣ್ಣಗೆ ನೀಲಿಯಾಗುತ್ತಿತ್ತು.

ಕ್ರೋಮ್ ಪಟ್ಟಿ ಉಜ್ಜುವುದು ಅವನ ಕೆಲಸ. ಹೊಳಪಿನಲ್ಲಿ ಅವಳ ಮುಖ ಮೂಡುತ್ತಿತ್ತು.

“ಅದೇ ಜಾಗ ಎಷ್ಟು ಸಲ ಉಜ್ತೀರಿ?”

“ಇಲ್ಲಿಂದ ಚೆನ್ನಾಗಿ ಕಾಣ್ಸುತ್ತೆ.”

ಅವಳು ಬೆನ್ನು ತಿರುಗಿಸಿದಳು. ಕಿವಿ ಕೆಂಪಾದದ್ದು ಮಾತ್ರ ಮುಚ್ಚಿಡಲಾಗಲಿಲ್ಲ.

ಏಪ್ರಿಲ್‌ನಲ್ಲಿ ಒಲೆ ಸಿದ್ಧವಾಯಿತು. “ಓವನ್ನಿನ ಥರ್ಮೋಸ್ಟಾಟ್ ಇನ್ನೂ ಬಂದಿಲ್ಲ,” ಎಂದಳು ಕೋರಾ. ಮುಂದಿನ ವಾರವೂ ಅದನ್ನೇ ಹೇಳಿದಳು. ಅವನು ಬರುವುದು ನಿಂತರೆ ಶನಿವಾರಗಳನ್ನು ಏನು ಮಾಡುವುದೋ ಅವಳಿಗೆ ತಿಳಿಯದಾಗಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ವೆಂಡೆಲ್ ಹೇಳಿದ್ದಕ್ಕಿಂತ ಬೇಗ ಬಂದ. ಶೆಡ್ಡಿನ ತುಂಬ ಚೆರ್ರಿ ಪೈ ಬೇಯುವ ಪರಿಮಳ. ಅವನ ಓವನ್ನೇ ಉರಿಯುತ್ತಿತ್ತು.

ಕೋರಾ ಕೈಬಟ್ಟೆ ಹಿಂಡುತ್ತ ನಿಂತಳು. “ಐದು ವಾರದಿಂದ ಸರಿಯಾಗೇ ಇದೆ. ಸುಳ್ಳು ಹೇಳ್ದೆ. ತಗೊಂಡ್ಹೋಗಿ.”

“ಎಲ್ಲಿಗೆ? ನಮ್ಮನೇಲಿ ಗ್ಯಾಸ್ ಲೈನೇ ಇಲ್ಲ.”

“ಏನಂದ್ರಿ?”

“ಲೈನಿಲ್ಲ ಅಂತ ಮೊದಲನೇ ವಾರವೇ ಗೊತ್ತಾಯ್ತು. ಹೇಳಿದ್ರೆ, ‘ಹಾಗಾದ್ರೆ ನಂಗೆ ಮಾರಿ’ ಅಂತಿದ್ರಿ. ಆಮೇಲೆ ಇಲ್ಲಿಗೆ ಯಾವ ನೆಪ ಹೇಳ್ಕೊಂಡು ಬರ್ಲಿ?”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಕಳ್ಳ ನೀನು,” ಎಂದಳು. ಅಷ್ಟು ದಿನದ ‘ನೀವು’ ಅವಳಿಗರಿವಿಲ್ಲದೇ ಜಾರಿಹೋಗಿತ್ತು.

“ನೀನೇನು ಕಮ್ಮೀನಾ?” ಎಂದು ಅವನು ಹತ್ತಿರ ಬಂದ. ಅವಳ ಬೆರಳಿಗೆ ಮೆತ್ತಿದ ಹಿಟ್ಟನ್ನು ಮೆಲ್ಲನೆ ಒರೆಸಿದ. ಒರೆಸಿದ ಮೇಲೂ ಕೈ ಬಿಡಲಿಲ್ಲ.

ಪೈ ಸೀಯುತ್ತಿತ್ತು. ಇಬ್ಬರಿಗೂ ವಾಸನೆ ತಿಳಿದಿತ್ತು. ಯಾರೂ ಕದಲಲಿಲ್ಲ.