ಅಟ್ಟದ ಮೇಲಿನ ಎರಡು ಸ್ಪೀಕರ್

"ನಮ್ಮಪ್ಪನ ಆಂಪ್ಲಿಫೈಯರ್ ಒಳಗೆ ಏನು ಬದಲಾಯಿಸಿದ್ರಿ? ನಿಜ ಹೇಳಿ!"

ಅರಸೀಕೆರೆಯ ಆ ರಿಪೇರಿ ಅಂಗಡಿಯಿಂದ ಶರ್ಮಿಳಾಳ ದನಿ ರಸ್ತೆಗೂ ಕೇಳಿಸಿತು. ರಿಪೇರಿಯಾದ ವಾರದಲ್ಲೇ ಕಣಕಟ್ಟೆಯ ಮನೆಯಿಂದ ಆ ಭಾರದ ಪೆಟ್ಟಿಗೆಯನ್ನು ಮತ್ತೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಗಡಿಯ ಉಮಾಶಂಕರ್ ತನ್ನ ಸ್ಪೀಕರ್ ಸಿಕ್ಕಿಸಿ ಹಾಡು ಹಾಕಿದ. ಹತ್ತು ನಿಮಿಷ... ಅರ್ಧ ಗಂಟೆ... ಪೆಟ್ಟಿಗೆ ಹಾಡುತ್ತಲೇ ಇತ್ತು!

"ಚೆನ್ನಾಗೇ ಇದೆಯಲ್ರೀ?"

"ಇಲ್ಲಿ ಚೆನ್ನಾಗಿರುತ್ತೆ. ಮನೆಯಲ್ಲಿ ಹತ್ತೇ ನಿಮಿಷಕ್ಕೆ ಕಾದು ನಿಂತುಹೋಗುತ್ತೆ!"

"ಹಾಗಾದ್ರೆ ಭಾನುವಾರ ನಾನೇ ಬರ್ತೀನಿ."

ಆ ಕಣ್ಣು ಸುಳ್ಳು ಹೇಳುವ ಕಣ್ಣಲ್ಲ ಅನ್ನಿಸಿ, ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅಪ್ಪ ಮರುಳಪ್ಪ ತೀರಿಕೊಂಡ ಮೇಲೆ ಅವರು ಆಸೆಪಟ್ಟು ತಂದದ್ದು ಅಂತ ಉಳಿದಿದ್ದು ಆ ಸ್ಟೀರಿಯೊ ಒಂದೇ. ಇವನು ಅಸಲಿ ಪಾರ್ಟು ಎಗರಿಸಿ ನಕಲಿ ತುರುಕಿದ್ದರೆ...? ಮನೆಗೆ ಬರುವ ನೆಪಕ್ಕೆಂದೇ ಏನೋ ಸಡಿಲ ಮಾಡಿದ್ದರೆ...?

ಭಾನುವಾರ ಅವನು ಬಂದ. ನಡುಮನೆಯ ಎರಡು ಸ್ಪೀಕರ್ ಪರೀಕ್ಷಿಸಿದ. ಅವನಿದ್ದಷ್ಟು ಹೊತ್ತೂ ಹಾಡಿದ ಪೆಟ್ಟಿಗೆ, ಅವನು ಹೋಗುತ್ತಲೇ ಕೈಕೊಟ್ಟಿತು. ಮೂರು ಭಾನುವಾರ ಇದೇ ಕತೆ.

ನಾಲ್ಕನೆಯ ಭಾನುವಾರ ಅವಳು ಅಂದೇಬಿಟ್ಟಳು.

"ನೀವಿದ್ದಾಗ ಮಾತ್ರ ಹಾಡುತ್ತೆ, ಹೋದ್ರೆ ಕೆಡುತ್ತೆ! ಮೋಸ ಮಾಡೋಕೆ ನಮ್ಮನೇನೇ ಬೇಕಿತ್ತಾ?"

ಅವನ ಮುಖ ಬಿಳಿಚಿಕೊಂಡಿತು. "ಇನ್ನು ಬರಲ್ಲ. ಬೇರೆಯವರಿಗೆ ತೋರಿಸಿ," ಎಂದವನೇ ಚೀಲ ಎತ್ತಿಕೊಂಡು ಹೊರಟ.

ಹೋಗಲಿ! ಎಂದುಕೊಂಡಳು. ಆದರೂ ಎದೆಯಲ್ಲೇನೋ ಕಳಚಿಬಿದ್ದಂತಾಯಿತು. ನಿಜವಾಗಿಯೂ ಬರದಿದ್ದರೆ?

ಕಾಲು ಗಂಟೆಯಾಗಿರಬೇಕು, ಅವನೇ ವಾಪಸ್ ಬಂದ, ಮರೆತ ಮೀಟರಿಗಾಗಿ. ಬಾಗಿಲಲ್ಲೇ ನಿಂತು ತಲೆಯೆತ್ತಿದ.

"ಮೇಲೆ ಹಾಡ್ತಿರೋದು ಏನು?"

ಅವಳು ಉತ್ತರಿಸುವ ಮುಂಚೆಯೇ ಸದ್ದು ಪೂರ್ತಿ ಅಡಗಿತು. ಅಟ್ಟದಿಂದ ತಾಯಿ ಮಹದೇವಮ್ಮ ಇಣುಕಿದರು.

"ಇನ್ನೆರಡು ಸ್ಪೀಕರ್ ಐತೆ ಕಣಪ್ಪ. ತೆಂಗಿನಕಾಯಿ ಆರಿಸುವಾಗ ಬೇಜಾರಾಯ್ತದೆ ಅಂತ ಮಗಳೇ ಹಾಕ್ಕೊಟ್ಟವಳೆ. ನೀನು ಬರೋ ದಿನ ಕಿತ್ತು ಮುಚ್ಚಿಡ್ತಾಳೆ, ನೀನು ಹೋದೇಟ್ಗೆ ಮತ್ತೆ ಸಿಕ್ಕಿಸ್ತಾಳೆ."

"ಯಾಕಮ್ಮ?"

"ಕೊಬ್ಬರಿ ಒಣಗೋ ಅಟ್ಟದ ಮ್ಯಾಲೆ ಹೊರಗಿನೋರ ಕಣ್ಣು ಬೀಳಬಾರ್ದು. ಮನೆಯೋರು ಬಿಟ್ರೆ ಇನ್ಯಾರೂ ಹತ್ತೋ ಹಂಗಿಲ್ಲ. ಆ ಸ್ಪೀಕರ್ ಕಂಡ್ರೆ ನೀನು ಹತ್ತಿ ನೋಡ್ತೀನಿ ಅಂತೀಯಲ್ಲ."

ಉಮಾಶಂಕರ್ ಹಣೆ ಚಚ್ಚಿಕೊಂಡ.

"ಒಂದೊಂದು ಸ್ಪೀಕರ್ ಕರೆಂಟನ್ನ ಎಂಟು ಓಮ್ ಅಷ್ಟು ಅಡ್ಡಗಟ್ಟುತ್ತೆ ಕಣ್ರೀ. ಅದೇ ತುದಿಗೆ ಇನ್ನೊಂದು ಸಿಕ್ಕಿಸಿದ್ರೆ ಎರಡೂ ಸೇರಿ ನಾಲ್ಕಾಗುತ್ತೆ. ಎಂಟಕ್ಕಿಂತ ಕಮ್ಮಿಯಾದ್ರೆ ನಿಮ್ಮಪ್ಪನ ಪೆಟ್ಟಿಗೆ ತಡೆಯಲ್ಲ. ಕರೆಂಟು ಜಾಸ್ತಿ ಎಳೆದು, ಕಾದು, ಸುಡೋ ಮುಂಚೆ ತಾನೇ ನಿಂತುಬಿಡುತ್ತೆ."

"ಅಂದ್ರೆ... ಕೆಟ್ಟಿರಲೇ ಇಲ್ವಾ?"

"ಇಲ್ಲ."

ಶರ್ಮಿಳಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಚ್ಚಿಟ್ಟವಳು ತಾನು, ಬೈಸಿಕೊಂಡವನು ಇವನು! ಕಣ್ಣು ತುಂಬಿ ಬಂತು.

"ತಪ್ಪಾಯ್ತು..."

"ನಾನೂ ಪೂರ್ತಿ ಸಾಚಾ ಅಲ್ಲ," ಅವನು ದನಿ ತಗ್ಗಿಸಿದ. "ದೋಷ ಪೆಟ್ಟಿಗೆಯದೋ ಮನೆಯದೋ ಅಂತ ಮೊದಲ ವಾರವೇ ಬೇರೆ ಆಂಪ್ಲಿಫೈಯರ್ ಬಿಟ್ಟುಹೋಗಿ ನೋಡಬಹುದಿತ್ತು. ಕೆಲಸ ಬೇಗ ಮುಗಿದ್ರೆ... ನಿಮ್ಮನ್ನ ನೋಡೋಕೆ ನೆಪ ಇರ್ತಿರಲಿಲ್ಲ."

ಅವಳು ತಲೆಯೆತ್ತಲಿಲ್ಲ. ಕೆನ್ನೆ ಮಾತ್ರ ಬಿಸಿಯಾಯಿತು. ಅನುಮಾನಪಟ್ಟದ್ದರಲ್ಲಿ ಅರ್ಧ ನಿಜವಾಗಿತ್ತು, ಆ ಅರ್ಧ ಅವಳಿಗೆ ಇಷ್ಟವೂ ಆಗಿತ್ತು.

ಅವನು ವೈರು ಚಾಚಿದ. "ಒಂದರ ಹಿಂದೊಂದು ಬರೋ ಹಾಗೆ ಜೋಡಿಸಿದ್ರೆ ಪೆಟ್ಟಿಗೆ ತಡೆಯುತ್ತೆ. ಹೇಗೆ ಅಂತ ಹೇಳ್ತೀನಿ, ಮೇಲೆ ಹೋಗಿ ನೀವೇ ಹಾಕ್ಕೊಳ್ಳಿ."

ಶರ್ಮಿಳಾ ಏಣಿ ಎಳೆದು ಅವನ ಮುಂದಿಟ್ಟಳು.

"ನೀವೇ ಹತ್ತಿ."

"ಮನೆಯವರಷ್ಟೇ ಹತ್ತಬೇಕು ಅಂತ ನಿಮ್ಮಮ್ಮ ಅಂದ್ರಲ್ಲ?"

"ಅದಕ್ಕೇ ಹೇಳ್ತಿರೋದು... ಹತ್ತಿ!"